ಬೆಂಕಿ ಬಿದ್ದಾಗ ಮಾತ್ರ ಬಾವಿ

ಯುರೋಪಿಯನ್ ಒಕ್ಕೂಟದ ಡೇಟಾ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿದೆ. ಕಾರು, ಟ್ರ್ಯಾಕ್ಟರುಗಳು ಹುಟ್ಟಿಸುವ ಮಾಹಿತಿ ಬಳಸುವವನ ಕೈಗೂ ಸಿಗಬೇಕು ಎಂಬ ಭಾಗವೇ ಹೆಚ್ಚು ಸುದ್ದಿಯಾಯಿತು. ನಗರಾಡಳಿತಗಳ ಕಣ್ಣು ಇದ್ದದ್ದು ಐದನೇ ಅಧ್ಯಾಯದ ಮೇಲೆ. ಕಂಪನಿಗಳ ಬಳಿಯ ಡೇಟಾವನ್ನು ಸರ್ಕಾರ ಯಾವಾಗ ಕೇಳಬಹುದು ಎಂದು ಹೇಳುವುದು ಅದು.

ಹೊಗೆ ತಗ್ಗಿಸಲು ಹೊರಟ ನಗರಕ್ಕೆ ಚಾರ್ಜಿಂಗ್ ಕಂಬ ಎಲ್ಲಿ ನೆಡಬೇಕು, ಯಾವ ದಾರಿಗೆ ಬಸ್ಸು ಹೆಚ್ಚಿಸಬೇಕು ಎಂಬುದು ದಿನನಿತ್ಯದ ತಲೆನೋವು. ಅದರ ಲೆಕ್ಕ ಇರುವುದು ನಕ್ಷೆ ಆ್ಯಪ್, ಟ್ಯಾಕ್ಸಿ, ಬಾಡಿಗೆ ಸ್ಕೂಟರ್ ಕಂಪನಿಗಳ ಬಳಿ. ಸಾರ್ವಜನಿಕ ಹಿತವೊಂದೇ ಸಾಕಷ್ಟು ಕಾರಣವಾಗಲಿ ಎಂದು ನಗರಗಳು ಬಯಸಿದವು. ಸಿಕ್ಕಿದ್ದು ‘ಅಸಾಧಾರಣ ಅಗತ್ಯ’ ಎಂಬ ಎರಡು ಪದ.

ಸಾಂಕ್ರಾಮಿಕ, ನೆರೆ, ದೊಡ್ಡ ಸೈಬರ್ ದಾಳಿ ಬಂದರೆ ಸರಿ: ಸಣ್ಣ ಕಂಪನಿಗಳ ಹೊರತು ಉಳಿದವು ಪುಕ್ಕಟೆ ಕೊಡಬೇಕು, ಒಲ್ಲೆ ಎನ್ನುವುದಾದರೆ ಐದು ಕೆಲಸದ ದಿನಗಳೊಳಗೆ ಹೇಳಬೇಕು. ತುರ್ತು ಇಲ್ಲದಿದ್ದರೆ? ಆ ಕೆಲಸವನ್ನು ಕಾನೂನೇ ವಹಿಸಿರಬೇಕು, ಮಾರುಕಟ್ಟೆ ದರಕ್ಕೆ ಕೊಳ್ಳಲು ಹೋಗಿಯೂ ಸಿಕ್ಕಿರಬಾರದು, ಸಣ್ಣ ಕಂಪನಿಗಳ ಬಾಗಿಲು ತಟ್ಟುವಂತಿಲ್ಲ, ವೈಯಕ್ತಿಕ ಮಾಹಿತಿ ಮುಟ್ಟುವಂತಿಲ್ಲ. ಗಂಟು ಇರುವುದು ಈ ಕೊನೆಯದರಲ್ಲೇ. ಯಾರ ಕಾರು ಯಾವ ಹೊತ್ತಿಗೆ ಎಲ್ಲಿ ಚಾರ್ಜಿಗೆ ನಿಂತಿತು ಎಂಬುದು ವೈಯಕ್ತಿಕವಲ್ಲದೆ ಇನ್ನೇನು?

ಜನರ ಓಡಾಟದ ಜಾಡನ್ನು ಆಳುವವರ ಕೈಗೆ ಕೊಡಲು ಯುರೋಪು ಹಿಂಜರಿಯುವುದು ನನಗೆ ಅರ್ಥವಾಗುತ್ತದೆ. ಪೊಲೀಸು, ತೆರಿಗೆ ಇಲಾಖೆಗಳನ್ನು ಈ ಅಧ್ಯಾಯದಿಂದ ದೂರ ಇಟ್ಟದ್ದು ಮೆಚ್ಚುವಂಥದ್ದೇ. ಒಪ್ಪಲಾಗದ್ದು ಬೇರೆ. ಕಾಯ್ದೆಯ ಪ್ರಕಾರ ತುರ್ತು ಎಂದರೆ ಕಾಲಮಿತಿಯುಳ್ಳದ್ದು. ವರ್ಷ ವರ್ಷ ಏರುವ ಬಿಸಿಲಿಗೆ ಅಂಥ ಮಿತಿ ಎಲ್ಲಿಂದ ತರೋಣ? ನೆರೆ ಬಂದ ದಿನ ಡೇಟಾ ಸಿಗುತ್ತದೆ, ನೆರೆ ಬಾರದಂತೆ ಊರು ಕಟ್ಟಲು ಕೂತಾಗ ಸಿಗುವುದು ಕಷ್ಟ.

ಇಷ್ಟೂ ಉಳಿಯುವ ಹಾಗೆ ಕಾಣುತ್ತಿಲ್ಲ. 2025ರ ನವೆಂಬರಿನಲ್ಲಿ ಯುರೋಪಿಯನ್ ಕಮಿಷನ್ ಮುಂದಿಟ್ಟ ‘ಡಿಜಿಟಲ್ ಆಮ್ನಿಬಸ್’ ಪ್ರಸ್ತಾವ ಕೇಳುವ ಹಕ್ಕನ್ನು ಸಾರ್ವಜನಿಕ ತುರ್ತಿಗಷ್ಟೇ ಕಿರಿದು ಮಾಡಲು ಹೊರಟಿದೆ. ಕಾಯ್ದೆ ಅನ್ವಯವಾಗಿ ಮೂರು ತಿಂಗಳೂ ತುಂಬಿರಲಿಲ್ಲ!

ಬಾರ್ಸಿಲೋನಾದಂಥ ನಗರಗಳು ಈ ಕಾಯ್ದೆಗೆ ಕಾಯದೆ, ಗುತ್ತಿಗೆ ಕೊಡುವಾಗಲೇ ಡೇಟಾ ನಗರಕ್ಕೆ ಸೇರಬೇಕು ಎಂದು ಕರಾರಿನಲ್ಲಿ ಬರೆಸಿದವು. ನನಗೆ ಕಂಡಂತೆ ಜಾಣತನದ ದಾರಿ ಅದೇ. ಆದರೆ ನಗರದ ಗುತ್ತಿಗೆಯೂ ಪರವಾನಗಿಯೂ ಬೇಕಿಲ್ಲದ ನಕ್ಷೆ ಆ್ಯಪಿನ ಮುಂದೆ ಆ ಕರಾರು ನಡೆಯುವುದಿಲ್ಲ.