ಬಾಣಂತಿಯ ಶ್ರೋಣಿತಲ ವ್ಯಾಯಾಮ: ಉಪದೇಶ, ಪ್ರಮಾಣ ಮತ್ತು ಪರಿಭಾಷೆ

ಹೆರಿಗೆಯಾದ ಸ್ತ್ರೀಯರಲ್ಲಿ ಕೆಮ್ಮಿದಾಗ, ಸೀನಿದಾಗ, ನೀರಿನ ಕೊಡವನ್ನು ಎತ್ತಿದಾಗ ಮೂತ್ರವು ಇಚ್ಛೆಯನ್ನು ಮೀರಿ ಜಿನುಗುವುದು ಅಪರೂಪವಾದ ಸಂಗತಿಯಲ್ಲ. ಅಪರೂಪವಾದುದು ಅದನ್ನು ಕುರಿತ ಮಾತು. ಬಾಣಂತನದ ಆಹಾರ, ಅಭ್ಯಂಜನ, ಬಿಸಿನೀರು, ಹೊಟ್ಟೆಕಟ್ಟು ಇವುಗಳನ್ನು ಕುರಿತು ನಮ್ಮ ಮನೆಗಳಲ್ಲಿ ಬೇಕಾದಷ್ಟು ತಿಳಿವಳಿಕೆ ಪರಂಪರೆಯಾಗಿ ಬಂದಿದೆ. ಆದರೆ ಹೆರಿಗೆಯ ಕಾಲದಲ್ಲಿ ಅತಿಯಾಗಿ ಹಿಗ್ಗುವ ಸ್ನಾಯುವೊಂದರ ವಿಷಯದಲ್ಲಿ ಆ ಪರಂಪರೆ ಬಹುಮಟ್ಟಿಗೆ ಮೌನವಾಗಿದೆ. ಆ ಮೌನವನ್ನು ಮುರಿಯಲು ಆರೋಗ್ಯ ಲೇಖನಗಳು ಇಂದು ‘ಕೆಗೆಲ್ ವ್ಯಾಯಾಮ’ ಎಂಬ ಹೆಸರನ್ನು ಮುಂದಿಡುತ್ತಿವೆ. ಈ ಉಪದೇಶವು ಎಲ್ಲಿಂದ ಬಂದಿತು, ಬರುವ ದಾರಿಯಲ್ಲಿ ಏನನ್ನು ಕಳೆದುಕೊಂಡಿತು, ಅದಕ್ಕೆ ಪ್ರಮಾಣವೆಷ್ಟು, ಅದನ್ನು ಕನ್ನಡದಲ್ಲಿ ಹೇಳುವ ಬಗೆ ಯಾವುದು ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಮುಂದಿನ ಜಘನಾಸ್ಥಿಯಿಂದ ಹಿಂದಿನ ಬಾಲಮೂಳೆಯವರೆಗೆ ಹಾಸಿಕೊಂಡಿರುವ ಸ್ನಾಯುಗಳ ಸಮೂಹವೇ ಶ್ರೋಣಿತಲ. ಮೂತ್ರಕೋಶ, ಗರ್ಭಕೋಶ, ಗುದನಾಳಗಳಿಗೆ ಕೆಳಗಿನಿಂದ ಆಸರೆಯಾಗಿ ನಿಂತು, ಮೂತ್ರ, ಯೋನಿ, ಗುದ ಎಂಬ ಮೂರು ದ್ವಾರಗಳಿಗೆ ದಾರಿಬಿಟ್ಟು, ಅವುಗಳನ್ನು ಮುಚ್ಚಲು ನೆರವಾಗುವುದು ಇದರ ಕೆಲಸ. ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಇಳಿದು ಬರುವಾಗ ಈ ಸ್ನಾಯುವಿನ ಒಳಅಂಚು ತನ್ನ ಮೂಲ ಉದ್ದದ ಮೂರು ಪಟ್ಟನ್ನೂ ಮೀರಿ ಹಿಗ್ಗುತ್ತದೆಂದು 2004ರಲ್ಲಿ ಪ್ರಕಟವಾದ ಒಂದು ಕಂಪ್ಯೂಟರ್ ಮಾದರಿಯ ಅಧ್ಯಯನವು ಲೆಕ್ಕಹಾಕಿತು. ಇಷ್ಟು ಹಿಗ್ಗಿದ ಸ್ನಾಯು ಕೆಲವರಲ್ಲಿ ತಾನಾಗಿ ಬಲಗೂಡುತ್ತದೆ. ಕೆಲವರಲ್ಲಿ ದುರ್ಬಲವಾಗಿ ಉಳಿಯುತ್ತದೆ. ಕೆಲವರಲ್ಲಿ ಹರಿದೇ ಹೋಗಿರುತ್ತದೆ. ಈ ಮೂರು ಸ್ಥಿತಿಗಳೂ ಒಂದೇ ಅಲ್ಲವೆಂಬುದನ್ನು ವಾಚಕರು ಮುಂದಿನ ವಿವೇಚನೆಯಲ್ಲಿ ನೆನಪಿಡಬೇಕು.

ಈ ವ್ಯಾಯಾಮಕ್ಕೆ ಹೆಸರು ಕೊಟ್ಟ ಆರ್ನಾಲ್ಡ್ ಕೆಗೆಲ್ ಅಮೇರಿಕದ ಸ್ತ್ರೀರೋಗತಜ್ಞ. ಅವನ ಪ್ರಸಿದ್ಧ ಪ್ರಬಂಧ ಪ್ರಕಟವಾದದ್ದು 1948ರಲ್ಲಿ. ಆದರೆ ಅವನನ್ನೇ ಆದಿಪುರುಷನೆಂದು ಹೇಳುವುದು ಸರಿಯಲ್ಲ. ಬ್ರಿಟನ್ನಿನ ನರ್ತಕಿ ಮಾರ್ಗರೆಟ್ ಮಾರಿಸ್ 1936ರಲ್ಲಿಯೇ ಈ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಕ್ರಮವನ್ನು ವಿವರಿಸಿದ್ದಳು. ಕೆಗೆಲನ ನಿಜವಾದ ಕೊಡುಗೆ ವಿಧಾನದ್ದು. ಸ್ನಾಯುವಿನ ಬಿಗಿತವನ್ನು ಅಳೆದು ಸ್ತ್ರೀಗೆ ತೋರಿಸುವ ‘ಪೆರಿನಿಯೋಮೀಟರ್’ ಎಂಬ ಒತ್ತಡಮಾಪಕವನ್ನು ಅವನು ರಚಿಸಿದ. ಸರಿಯಾದ ಸ್ನಾಯು ಕೆಲಸಮಾಡುತ್ತಿದೆಯೇ ಎಂಬುದನ್ನು ಪರೀಕ್ಷಿಸಿಯೇ ಅಭ್ಯಾಸವನ್ನು ಆರಂಭಿಸಬೇಕೆಂದ. ದಿನಕ್ಕೆ ಮೂರು ಬಾರಿ, ಪ್ರತಿಬಾರಿಯೂ 20 ನಿಮಿಷಗಳ ಸಾಧನೆಯನ್ನು ವಿಧಿಸಿದ. ಇಂದು ಜನಪ್ರಿಯ ಬರಹಗಳಲ್ಲಿ ಉಳಿದಿರುವುದು ಅವನ ಹೆಸರು ಮಾತ್ರ. ಮಾಪಕ ಹೋಯಿತು, ಪರೀಕ್ಷೆ ಹೋಯಿತು, ಕ್ರಮೇಣ ಶ್ರಮವನ್ನು ಹೆಚ್ಚಿಸುವ ನಿಯಮವೂ ಹೋಯಿತು. ‘ಬಿಡುವಾದಾಗ ಬಿಗಿಹಿಡಿಯಿರಿ’ ಎಂಬ ಒಂದು ವಾಕ್ಯವಾಗಿ ಅದು ನಮ್ಮ ಕೈಸೇರಿದೆ. ಕೆಗೆಲನ ಪಕ್ಷದಲ್ಲಿಯೂ ದೋಷವಿಲ್ಲದಿಲ್ಲ. ವ್ಯಾಯಾಮ ಮಾಡದ ಸ್ತ್ರೀಯರ ಗುಂಪೊಂದನ್ನು ಹೋಲಿಕೆಗಾಗಿ ಇಟ್ಟುಕೊಳ್ಳದೆಯೇ ಅವನು ತನ್ನ ಯಶಸ್ಸನ್ನು ಘೋಷಿಸಿದ. ಹಾಗಾಗಿ ಅವನ ಮಾತನ್ನು ಗೌರವದಿಂದ ಕೇಳಬಹುದೇ ಹೊರತು ಅಂತಿಮ ಪ್ರಮಾಣವೆಂದು ಸ್ವೀಕರಿಸಲಾಗದು.

ಆ ಕೊರತೆಯನ್ನು ತುಂಬಿದವರು ಅನಂತರದ ಸಂಶೋಧಕರು. ನಾರ್ವೆಯ ಕಾರಿ ಬೊ ಮತ್ತು ಸಂಗಡಿಗರು 1999ರಲ್ಲಿ ವ್ಯಾಯಾಮ, ವಿದ್ಯುತ್ ಪ್ರಚೋದನೆ, ಯೋನಿಯಲ್ಲಿ ಧರಿಸುವ ತೂಕದ ಶಂಕುಗಳು ಮತ್ತು ಚಿಕಿತ್ಸೆಯಿಲ್ಲದ ಸ್ಥಿತಿ ಈ ನಾಲ್ಕನ್ನೂ ಹೋಲಿಸಿ ವ್ಯಾಯಾಮವೇ ಮೇಲೆಂದು ತೋರಿಸಿದರು. 2018ರ ಕಾಕ್ರೇನ್ ಸಮೀಕ್ಷೆಯು 31 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಒತ್ತಡದಿಂದ ಮೂತ್ರ ಜಿನುಗುವ ಸ್ತ್ರೀಯರಲ್ಲಿ ವ್ಯಾಯಾಮ ಮಾಡಿದವರ ಪೈಕಿ 56 ಶೇಕಡಾ ಮಂದಿ ಗುಣವಾಯಿತೆಂದು ಹೇಳಿದರೆ ಮಾಡದವರಲ್ಲಿ ಹಾಗೆ ಹೇಳಿದವರು 6 ಶೇಕಡಾ ಮಾತ್ರ. ಇದು ಅಲ್ಲಗಳೆಯಲಾಗದ ಅಂತರ.

ಆದರೆ ಬಾಣಂತಿಯ ವಿಷಯಕ್ಕೆ ಬಂದಾಗ ಪ್ರಮಾಣ ಇಷ್ಟು ಸರಳವಾಗಿಲ್ಲ. ಹೆರಿಗೆಯ ಮೂರು ತಿಂಗಳ ಅನಂತರವೂ ಮೂತ್ರ ಜಿನುಗುತ್ತಿದ್ದ 747 ಸ್ತ್ರೀಯರನ್ನು ಕುರಿತ ಪ್ರಯೋಗವೊಂದು 2001ರಲ್ಲಿ ಪ್ರಕಟವಾಯಿತು. ದಾದಿಯರು ಕಲಿಸಿಕೊಟ್ಟ ಗುಂಪಿನಲ್ಲಿ ಒಂದು ವರ್ಷದ ಹೊತ್ತಿಗೆ ತೊಂದರೆ ಉಳಿದದ್ದು 60 ಶೇಕಡಾ ಮಂದಿಗೆ, ಇನ್ನೊಂದರಲ್ಲಿ 69 ಶೇಕಡಾ ಮಂದಿಗೆ. ಆರು ವರ್ಷಗಳ ಅನಂತರ ಅದೇ ಸ್ತ್ರೀಯರನ್ನು ವಿಚಾರಿಸಿದಾಗ 76 ಮತ್ತು 79 ಶೇಕಡಾ, ಅಂತರವು ಅಳಿಸಿಹೋದಂತೆಯೇ. ಮತ್ತೊಂದು ಕಡೆ, 2020ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ತೊಂದರೆಯಿಲ್ಲದ ಸ್ತ್ರೀಯರು ಗರ್ಭಧಾರಣೆಯ ಮೊದಲ ಭಾಗದಲ್ಲಿಯೇ ಕ್ರಮವಾಗಿ ಅಭ್ಯಾಸವನ್ನು ಆರಂಭಿಸಿದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ತೊಂದರೆಯ ಸಂಭವ 62 ಶೇಕಡಾ, ಹೆರಿಗೆಯಾದ ಮೂರರಿಂದ ಆರು ತಿಂಗಳಲ್ಲಿ 29 ಶೇಕಡಾ ಕಡಿಮೆಯಾಗುತ್ತದೆ. ಹೆರಿಗೆಯ ಅನಂತರ ಚಿಕಿತ್ಸೆಯಾಗಿ ಆರಂಭಿಸಿದಾಗಿನ ಫಲದ ಬಗೆಗೆ ಅದೇ ಸಮೀಕ್ಷೆ ನಿಶ್ಚಯವಾಗಿ ಮಾತನಾಡಲಿಲ್ಲ. ಇದರಿಂದ ವ್ಯಾಯಾಮವು ವ್ಯರ್ಥವೆಂದು ತೀರ್ಮಾನಿಸುವುದು ತಪ್ಪು. ಬಾಣಂತಿಗೆ ಹೇಳುವ ಪಾಠವು ಬಸುರಿಯಿದ್ದಾಗಲೇ ಮೊದಲಾಗಬೇಕು ಎಂಬುದು ಒಂದನೆಯ ಅರ್ಥ. ಅಭ್ಯಾಸವು ಮುಂದುವರಿಯದಿದ್ದರೆ ಅದರ ಲಾಭವೂ ಉಳಿಯಲಾರದು ಎಂದು ನಾವು ಊಹಿಸುತ್ತೇವೆ, ಇದು ಎರಡನೆಯದು. ಮೂರನೆಯದಾಗಿ, ಸ್ನಾಯು ಹರಿದಿರುವವರಿಗೆ ಬರಿಯ ವ್ಯಾಯಾಮ ಸಾಲದಿರಬಹುದು. ಡಿಲ್ಯಾನ್ಸಿ ಮತ್ತು ಸಂಗಡಿಗರು 2003ರಲ್ಲಿ ಎಂ.ಆರ್.ಐ. ಚಿತ್ರಗಳ ಮೂಲಕ ಪರೀಕ್ಷಿಸಿದಾಗ ಚೊಚ್ಚಲ ಸಹಜ ಹೆರಿಗೆಯಾದ 160 ಮಂದಿಯಲ್ಲಿ 32 ಮಂದಿಗೆ ಈ ಸ್ನಾಯುವಿನಲ್ಲಿ ಲೋಪ ಕಂಡಿತು. ಇಂಥವಳು ವ್ಯಾಯಾಮದಿಂದ ಗುಣಕಾಣದಿದ್ದರೆ ‘ನೀನು ಸರಿಯಾಗಿ ಮಾಡಲಿಲ್ಲ’ ಎಂದು ಅವಳನ್ನೇ ದೂರುವುದು ಅನ್ಯಾಯ.

ನಮ್ಮಲ್ಲಿ ಕೆಲವರು ‘ಇದು ನಮ್ಮ ಮೂಲಬಂಧವೇ, ಹೊಸದೇನೂ ಇಲ್ಲ’ ಎನ್ನುವುದುಂಟು. ಹಠಯೋಗಪ್ರದೀಪಿಕೆಯು ಮೂಲಬಂಧವನ್ನು ವರ್ಣಿಸುವುದು ನಿಜ. 1934ರಲ್ಲಿ ಮೈಸೂರಿನಿಂದ ಕನ್ನಡದಲ್ಲಿಯೇ ಹೊರಬಂದ ಕೃಷ್ಣಮಾಚಾರ್ಯರ ‘ಯೋಗಮಕರಂದ’ದಲ್ಲಿಯೂ ಬಂಧಗಳ ವಿಚಾರವಿದೆ. ಕ್ರಿಯೆಯಲ್ಲಿ ಸಾಮ್ಯವಿದೆಯೆಂದು ನಾವೂ ಒಪ್ಪುತ್ತೇವೆ. ಆದರೆ ಹಠಯೋಗಪ್ರದೀಪಿಕೆಯ ಉದ್ದೇಶ ಅಪಾನವಾಯುವನ್ನು ಊರ್ಧ್ವಮುಖವಾಗಿಸುವುದು. ಬಾಣಂತಿ ಆ ಉಪದೇಶದ ಪಾತ್ರಳಲ್ಲ. ಸಾಮ್ಯವನ್ನು ಕಲಿಸುವ ಅನುಕೂಲಕ್ಕೆ ಬಳಸಬಹುದು. ಪ್ರಮಾಣಕ್ಕೆ ಬದಲಾಗಿ ಬಳಸಬಾರದು. ಹೊಟ್ಟೆಕಟ್ಟಿನ ವಿಷಯದಲ್ಲಿಯೂ ಇದೇ ಮಾತು. ಸಡಿಲಗೊಂಡ ಉದರಕ್ಕೆ ಅದು ಹಿತವೆನಿಸಬಹುದು. ಆದರೆ ಕೆಳಗಿನ ಸ್ನಾಯುವಿಗೆ ಅದು ವ್ಯಾಯಾಮವಾಗದು.

ಇನ್ನು ಭಾಷೆಯ ವಿಚಾರ. ನಮ್ಮ ದೃಷ್ಟಿಯಲ್ಲಿ ಇದು ಅಲಂಕಾರದ ಪ್ರಶ್ನೆಯಲ್ಲ, ಚಿಕಿತ್ಸೆಯ ಅಂಗವೇ. ‘ಶ್ರೋಣಿ’ ಎಂಬ ಶಬ್ದವನ್ನು ಕಾಲೇಜಿನ ವಿದ್ಯಾರ್ಥಿ ಅರಿತಿರುವುದು ಕಾವ್ಯದಿಂದ. ಅಲ್ಲಿ ಅದು ನಾಯಿಕೆಯ ಸೊಂಟದ ವರ್ಣನೆ. ಹಳ್ಳಿಯ ಬಾಣಂತಿಗೆ ಅದು ಯಾವ ಅರ್ಥವನ್ನೂ ಕೊಡದು. ‘ತಲ’ ಎಂಬುದೂ ಪೂರ್ಣವಾಗಿ ಒಪ್ಪುವುದಿಲ್ಲ. ತಳ ಅಥವಾ ನೆಲ ಎಂದರೆ ಅಲುಗಾಡದೆ ಬಿದ್ದಿರುವ ವಸ್ತುವಿನ ಭಾವನೆ ಬರುತ್ತದೆ. ಈ ಸ್ನಾಯುವಾದರೋ ಏರುತ್ತದೆ, ಇಳಿಯುತ್ತದೆ, ಉಸಿರಿನೊಡನೆಯೂ ಚಲಿಸುತ್ತದೆ. ಮಗುವನ್ನು ಮಲಗಿಸಲು ಸೀರೆಯಿಂದ ಕಟ್ಟುವ ಜೋಲಿ ಇದಕ್ಕೆ ಹೆಚ್ಚು ಒಪ್ಪುವ ಉಪಮಾನ. ಎರಡು ತುದಿಗಳಲ್ಲಿ ಕಟ್ಟಿದ್ದು, ಭಾರ ಬಿದ್ದಾಗ ಜಗ್ಗಿ, ಎಳೆದಾಗ ಮೇಲೇಳುವ ಜೋಲಿಯನ್ನು ಅರಿಯದ ತಾಯಿ ನಮ್ಮಲ್ಲಿ ಯಾರಿದ್ದಾರೆ? ಶಾಸ್ತ್ರಗ್ರಂಥದಲ್ಲಿ ‘ಶ್ರೋಣಿತಲ’ ಇರಲಿ; ಬಾಣಂತಿಯ ಮುಂದೆ ‘ಜೋಲಿಸ್ನಾಯು’ ಬರಲಿ ಎಂಬುದು ನಮ್ಮ ಸೂಚನೆ.

ನಾಮಪದಕ್ಕಿಂತ ಕ್ರಿಯಾಪದ ಹೆಚ್ಚು ಮುಖ್ಯ. 1991ರಲ್ಲಿ ಪ್ರಕಟವಾದ ಬಂಪ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 47 ಮಂದಿ ಸ್ತ್ರೀಯರಿಗೆ ಬಾಯಿಮಾತಿನಲ್ಲಿ ಮಾತ್ರ ವ್ಯಾಯಾಮವನ್ನು ವಿವರಿಸಿ ಪರೀಕ್ಷಿಸಲಾಯಿತು. ಸರಿಯಾಗಿ ಮಾಡಿದವರು 49 ಶೇಕಡಾ. ತೊಂದರೆಯನ್ನು ಹೆಚ್ಚಿಸಬಹುದಾದ ರೀತಿಯಲ್ಲಿ ಮಾಡಿದವರು 25 ಶೇಕಡಾ. ಮೇಲಕ್ಕೆ ಸೆಳೆಯಬೇಕಾದಲ್ಲಿ ಕೆಳಕ್ಕೆ ಒತ್ತುವುದು ಇಂಥ ತಪ್ಪು. ಹೆರಿಗೆಯ ಹಾಸಿಗೆಯಲ್ಲಿ ‘ಮುಕ್ಕು, ಮುಕ್ಕು’ ಎಂಬ ಅಪ್ಪಣೆಯನ್ನು ಕೇಳಿಬಂದ ಸ್ತ್ರೀಗೆ ಮರುವಾರವೇ ‘ಬಲ ಹಾಕು’ ಎಂದರೆ ಅವಳು ಮತ್ತೆ ಮುಕ್ಕದೆ ಇನ್ನೇನು ಮಾಡಿಯಾಳು? ಆದುದರಿಂದ ಸೂಚನೆ ಹೀಗಿರಬೇಕು: ಗಾಳಿ ಹೊರಬೀಳದಂತೆ ಹಿಂದಿನ ದ್ವಾರವನ್ನು ಬಿಗಿಹಿಡಿ, ಜೊತೆಗೇ ಮೂತ್ರ ತಡೆಯುವಂತೆ ಮುಂದಿನದನ್ನೂ ಸೆಳೆದುಕೊ, ಜೋಲಿಯನ್ನು ಎತ್ತುವಂತೆ ಒಳಕ್ಕೆ, ಮೇಲಕ್ಕೆ ಎತ್ತು, ಉಸಿರು ಕಟ್ಟಬೇಡ, ಅನಂತರ ಪೂರ್ತಿಯಾಗಿ ಸಡಿಲ ಬಿಡು. ಮೂತ್ರವಿಸರ್ಜನೆಯ ನಡುವೆ ತಡೆದು ತಡೆದು ಅಭ್ಯಾಸ ಮಾಡುವುದು ಸಲ್ಲದು. ಮೂತ್ರನಾಳಕ್ಕೆ ಕೊಳವೆ ಹಾಕಿದ್ದರೆ ಅದನ್ನು ತೆಗೆದು, ತಾನಾಗಿ ಮೂತ್ರ ಹೋಗುವವರೆಗೆ ಕಾಯಬೇಕು. ಬ್ರಿಟನ್ನಿನ ನೈಸ್ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಚಿಕಿತ್ಸೆಗೆಂದು ಹೇಳಿದ ಅಳತೆ ದಿನಕ್ಕೆ ಮೂರು ಬಾರಿ, ಪ್ರತಿಬಾರಿಯೂ ಕನಿಷ್ಠ 8 ಸಂಕೋಚನಗಳು. ಅದೂ ತಿಳಿದವರ ಮೇಲ್ವಿಚಾರಣೆಯಲ್ಲಿ, ಕನಿಷ್ಠ ಮೂರು ತಿಂಗಳು.

‘ಮೇಲ್ವಿಚಾರಣೆ’ ಎಂಬ ಈ ಪದದಲ್ಲಿಯೇ ವಿಷಯದ ತಿರುಳಿದೆ. ಕರಪತ್ರವು ದಾದಿಯ ಕೈಯ ಕೆಲಸವನ್ನು ಮಾಡಲಾರದು. ಆದರೆ ದಾದಿ ಬಾಯ್ತೆರೆದು ಕೇಳುವಂತೆಯೂ ಬಾಣಂತಿ ನಾಚದೆ ಉತ್ತರಿಸುವಂತೆಯೂ ಶಬ್ದಗಳನ್ನು ಒದಗಿಸಿಕೊಡುವುದು ಭಾಷೆಯನ್ನು ಬೋಧಿಸುವ ನಮ್ಮಂಥವರಿಂದ ಆಗತಕ್ಕ ಕೆಲಸ. ಡಾ. ಅನುಪಮಾ ನಿರಂಜನರು ‘ತಾಯಿ ಮಗು’ವಿನಂಥ ಗ್ರಂಥಗಳ ಮೂಲಕ ಸ್ತ್ರೀಶರೀರವನ್ನು ಕುರಿತು ಕನ್ನಡ ಗದ್ಯವು ಸಂಕೋಚವಿಲ್ಲದೆ ಮಾತನಾಡಬಲ್ಲದೆಂದು ತೋರಿಸಿಕೊಟ್ಟಿದ್ದಾರೆ. ‘ಹೆತ್ತವರಿಗೆಲ್ಲ ಇದು ಇದ್ದದ್ದೇ’ ಎಂಬ ಒಂದು ವಾಕ್ಯವನ್ನು ಎಷ್ಟು ತಾಯಂದಿರು ಜೀವಮಾನವೆಲ್ಲ ಹೊತ್ತಿರುವರೋ ಹೇಳಲಾರೆವು. ಆ ವಾಕ್ಯಕ್ಕೆ ಬದಲಾಗಿ ಇನ್ನೊಂದು ಸರಿಯಾದ ವಾಕ್ಯವನ್ನು ಅವರ ಭಾಷೆಯಲ್ಲಿಯೇ ಇಡುವುದು ನಮ್ಮ ಹೊಣೆ.