ನೆರಳಿಲ್ಲದ ಕಲ್ಲುಗಳು

ಬಿಳಿ ಹಿನ್ನೆಲೆ, ನಡುವೆ ಮಿರುಗುವ ಒಂದು ಕಲ್ಲು, ಬುಡದಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ನೆರಳು. ಕಲ್ಲು ಆಯ್ದು ತಂದು ಟಂಬ್ಲರಿನಲ್ಲಿ ಹೊಳಪು ಕೊಡುವ ಹವ್ಯಾಸದವರು ತೆಗೆಯುವ ಫೋಟೋಗಳು ಬಹುಪಾಲು ಹೀಗೇ ಇರುತ್ತವೆ. ಇವುಗಳ ಹಿಂದೆ ದುಬಾರಿ ಸ್ಟುಡಿಯೋ ಏನೂ ಇಲ್ಲ. ಒಂದು ರಟ್ಟಿನ ಡಬ್ಬ, ಒಂದಷ್ಟು ಟ್ರೇಸಿಂಗ್ ಪೇಪರ್, ಎರಡು ಟೇಬಲ್ ಲ್ಯಾಂಪ್ ಇದ್ದರೆ ಆಯಿತು. ಮನೆಯಲ್ಲೇ ಮಾಡಿಕೊಳ್ಳುವ ಈ ಲೈಟ್ ಬಾಕ್ಸ್ ಹವ್ಯಾಸಿಗೆ ದೊಡ್ಡ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬೇರೆ: ಈ ಡಬ್ಬ ಕಲ್ಲಿನ ಬಣ್ಣದ ಬಗ್ಗೆ ನಿಜ ಹೇಳುತ್ತದೆ, ಹೊಳಪಿನ ಬಗ್ಗೆ ಸುಳ್ಳು ಹೇಳುತ್ತದೆ. ವಾರಗಟ್ಟಲೆ ಕಾದು ಕಲ್ಲಿಗೆ ಬರಿಸಿದ್ದು ಹೊಳಪನ್ನೇ ಆದ್ದರಿಂದ ಇದನ್ನು ಸಣ್ಣ ತಕರಾರು ಎಂದು ತಳ್ಳಿಹಾಕುವಂತಿಲ್ಲ.

ಆ ಹೊಳಪು ಬರುವ ಬಗೆಯನ್ನು ಮೊದಲು ನೋಡೋಣ. ಟಂಬ್ಲರ್ ಎಂದರೆ ಮೋಟಾರಿನ ಬಲದಿಂದ ನಿಧಾನಕ್ಕೆ ಉರುಳುತ್ತಲೇ ಇರುವ ಒಂದು ಸಣ್ಣ ಪೀಪಾಯಿ. ಒಳಗೆ ಕಲ್ಲು, ನೀರು, ಸಿಲಿಕಾನ್ ಕಾರ್ಬೈಡಿನ ಪುಡಿ. ಮೊದಲು ತರಿಯಾದ ಪುಡಿ, ಆಮೇಲೆ ನಯವಾದದ್ದು, ಅದಾದ ಮೇಲೆ ಇನ್ನೂ ನಯ, ಕಡೆಗೆ ಅಲ್ಯುಮಿನಿಯಂ ಆಕ್ಸೈಡಿನಂಥ ಪಾಲಿಶ್ ಪುಡಿ. ಹಂತಕ್ಕೆ ಸುಮಾರು ಒಂದು ವಾರ ಎಂದರೂ ಎಲ್ಲ ಮುಗಿಯಲು ತಿಂಗಳು ಹಿಡಿಯುತ್ತದೆ. ನಡುವೆ ತೊಳೆಯುವಾಗ ಹಿಂದಿನ ಹಂತದ ನಾಲ್ಕು ಕಣ ಉಳಿದರೂ ಕೊನೆಯ ಪಾಲಿಶಿನ ಮೇಲೆ ಗೀರು ಬೀಳುತ್ತದೆ. ಮೋಸ್ ಮಾಪಕದಲ್ಲಿ 7ರ ಆಸುಪಾಸು ಗಡಸುತನವಿರುವ ಬೆಣಚು, ಅಗೇಟ್, ಜಾಸ್ಪರ್‌ಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಇವುಗಳ ಜೊತೆ 3ರ ಗಡಸುತನದ ಕ್ಯಾಲ್ಸೈಟನ್ನು ಹಾಕಿದರೆ ಅದು ಸವೆದು ಕೆಸರಾಗುತ್ತದೆ. ಇದೇನೂ ಹೊಸ ವಿದ್ಯೆಯಲ್ಲ. ಗುಜರಾತಿನ ಖಂಭಾತದ ಮಣಿಗಾರರು ಅಗೇಟ್ ಮಣಿಗಳನ್ನು ಪಾಲಿಶ್ ಪುಡಿಯ ಜೊತೆ ಚರ್ಮದ ಚೀಲಕ್ಕೆ ತುಂಬಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಉರುಳಿಸುತ್ತಿದ್ದರು. ಈಗ ಆ ಕೆಲಸವನ್ನು ಮೋಟಾರು ಮಾಡುತ್ತದೆ.

ಇಷ್ಟು ಉರುಳಿದ ಮೇಲೆ ಕಲ್ಲಿನ ಮೈಯಲ್ಲಿ ಆಗುವ ಬದಲಾವಣೆ ಏನು? ಒರಟು ಮೈ ತನ್ನ ಮೇಲೆ ಬಿದ್ದ ಬೆಳಕನ್ನು ದಿಕ್ಕುದಿಕ್ಕಿಗೆ ಚೆದುರಿಸುತ್ತದೆ. ಹೊಳೆಯಿಂದ ತಂದ ಕಲ್ಲು ಒಣಗಿದ ಕೂಡಲೇ ಅದರ ಬಣ್ಣ ಮಂಕಾಗಿ ಬೂದಿ ಬಳಿದಂತಾಗುವುದು ಇದರಿಂದಲೇ. ಗೀರುಗಳು ಬೆಳಕಿನ ತರಂಗಾಂತರಕ್ಕಿಂತ, ಅಂದರೆ 400ರಿಂದ 700 ನ್ಯಾನೋಮೀಟರಿಗಿಂತ ಸಣ್ಣದಾದಾಗ ಚೆದುರುವಿಕೆ ನಿಲ್ಲುತ್ತದೆ, ಮೈ ಕನ್ನಡಿಯಾಗುತ್ತದೆ. ಅಂದಮೇಲೆ ಹೊಳಪು ಕಲ್ಲಿನ ಇನ್ನೊಂದು ಬಣ್ಣವಲ್ಲ. ಸುತ್ತ ಏನಿದೆಯೋ ಅದನ್ನು ತೋರಿಸುವ ಗುಣ ಅದು. ಸುತ್ತ ಇರುವುದು ಬರೀ ಬಿಳಿ ಕಾಗದವಾದರೆ ಕಲ್ಲು ತೋರಿಸಬೇಕಾದ್ದಾದರೂ ಏನನ್ನು?

ಡಬ್ಬದ ರಚನೆ ಸರಳ. ಎರಡು ಪಕ್ಕಗಳಲ್ಲಿ ಮತ್ತು ಮೇಲೆ ಕಿಟಕಿಯ ಹಾಗೆ ಕತ್ತರಿಸಿ ಟ್ರೇಸಿಂಗ್ ಪೇಪರನ್ನೋ ತೆಳು ಬಿಳಿ ಬಟ್ಟೆಯನ್ನೋ ಅಂಟಿಸುತ್ತಾರೆ. ಒಳಗೆ ಚಾರ್ಟ್ ಪೇಪರನ್ನು ಹಿಂಗೋಡೆಯಿಂದ ನೆಲಕ್ಕೆ ಮಡಿಕೆ ಬೀಳದ ಹಾಗೆ ಬಾಗಿಸಿ ಇಳಿಬಿಡುತ್ತಾರೆ. ಗೋಡೆ ಮತ್ತು ನೆಲ ಕೂಡುವ ಗೆರೆ ಅಲ್ಲಿಗೆ ಮಾಯ. ಹೊರಗಿಟ್ಟ ಬಲ್ಬಿನ ಬೆಳಕು ಕಾಗದದಲ್ಲಿ ಹರಡಿ, ಕಿಟಕಿಗೆ ಕಿಟಕಿಯೇ ಒಂದು ದೀಪವಾಗುತ್ತದೆ. ವಸ್ತುವಿಗೆ ಹೋಲಿಸಿದರೆ ದೀಪ ದೊಡ್ಡದಾದಷ್ಟೂ ನೆರಳು ಮೆತ್ತಗಾಗುತ್ತದೆ. ಅಂಗೈಯಲ್ಲಿ ಅಡಗುವ ಕಲ್ಲಿಗೆ ಮೊಳದಗಲದ ದೀಪ ಮೂರು ಕಡೆಯಿಂದ ಬಿದ್ದರೆ ನೆರಳು ಉಳಿಯುವುದೇ ಇಲ್ಲ.

ಜಾಸ್ಪರಿನಂಥ ಕಲ್ಲಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಬೆಳಕು ಅದರೊಳಗೆ ತೂರುವುದಿಲ್ಲ. ಮೈಮೇಲಿನ ಕೆಂಪು, ಹಳದಿ, ಹಸಿರಿನ ಚಿತ್ತಾರವೇ ಅದರ ಬಂಡವಾಳ. ಬಿಸಿಲಿನಲ್ಲಿ ಅದರ ಫೋಟೋ ತೆಗೆದರೆ ಒಂದು ಕಡೆ ಕಣ್ಣು ಕುಕ್ಕುವ ಬಿಳಿ ಮಚ್ಚೆ, ಇನ್ನೊಂದು ಕಡೆ ಏನೂ ಕಾಣದ ಕತ್ತಲೆ. ಡಬ್ಬದೊಳಗೆ ಚಿತ್ತಾರ ಮೂಲೆಮೂಲೆಗೂ ಒಂದೇ ಸಮ ಕಾಣುತ್ತದೆ. ಆದರೆ ಇಲ್ಲೂ ಷರತ್ತುಗಳಿವೆ. 2700 ಕೆಲ್ವಿನ್‌ನ ಹಳದಿ ಬಲ್ಬನ್ನು ಒಂದು ಪಕ್ಕಕ್ಕಿಟ್ಟು, ಇನ್ನೊಂದು ಪಕ್ಕದಿಂದ ಕಿಟಕಿಯ ಹಗಲು ಬೆಳಕನ್ನು ಬಿಟ್ಟರೆ ಕಲ್ಲಿನ ಅರ್ಧ ಕಿತ್ತಳೆ, ಅರ್ಧ ನೀಲಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಎರಡನ್ನೂ ಒಟ್ಟಿಗೆ ಸರಿಮಾಡಲಾರದು. ಬಣ್ಣ ತೋರಿಸುವ ಗುಣ ಕಡಿಮೆ ಇರುವ ಅಗ್ಗದ ಎಲ್‌ಇಡಿಯಲ್ಲಿ ಗಾಢ ಕೆಂಪೇ ಮೊದಲು ಸಾಯುತ್ತದೆ, ಕೆಂಪು ಜಾಸ್ಪರ್ ಕಂದು ಹೆಂಟೆಯಾಗುತ್ತದೆ. ಆ ಗುಣದ ಅಳತೆಯಾದ ಸಿಆರ್‌ಐ 90ಕ್ಕಿಂತ ಹೆಚ್ಚಿರುವ, ಒಂದೇ ಬಗೆಯ ಬಲ್ಬುಗಳೇ ಬೇಕು. ಇನ್ನು ಕ್ಯಾಮೆರಾದ ಮೀಟರು ತಾನು ಕಂಡದ್ದನ್ನೆಲ್ಲ ನಡುಬೂದು ಎಂದೇ ಎಣಿಸುವುದರಿಂದ ಬಿಳಿ ಕಾಗದವೂ ಬೂದಿಯಾಗಿ ಬರುತ್ತದೆ. ಎಕ್ಸ್‌ಪೋಷರನ್ನು ಕೈಯಾರೆ ಒಂದು ಮೆಟ್ಟಿಲು ಏರಿಸಬೇಕು. ಇಷ್ಟನ್ನು ಪಾಲಿಸಿದವರ ಜಾಸ್ಪರ್ ಚಿತ್ರಗಳು ವಸ್ತುಸಂಗ್ರಹಾಲಯದ ಕ್ಯಾಟಲಾಗಿನ ಪಕ್ಕದಲ್ಲಿಟ್ಟರೂ ನಾಚಬೇಕಿಲ್ಲ.

ಡಬ್ಬ ಸೋಲುವುದು ಕಪ್ಪು ಕಲ್ಲಿನ ಮುಂದೆ. ಬೆಣಚಿನ ಜಾತಿಯ ಕಲ್ಲಿಗೆ ಪಾಲಿಶ್ ಕೊಟ್ಟಾಗ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೂವರೆ ಪಾಲು ಮೇಲ್ಮೈಯಿಂದಲೇ ವಾಪಸ್ಸು ಬರುತ್ತದೆ. ಓರೆಯಾಗಿ ಬಿದ್ದರೆ ಇನ್ನೂ ಹೆಚ್ಚು. ಕೇಳಲು ಇದು ಅಲ್ಪ. ಬಿಳಿ ಅಥವಾ ಹಳದಿ ಕಲ್ಲು ತನ್ನ ಮೈಯಿಂದಲೇ ಬೇಕಾದಷ್ಟು ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ ಅಲ್ಲಿ ಈ ನಾಲ್ಕೂವರೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅಚ್ಚಗಪ್ಪು ಕಲ್ಲು ತನ್ನದೆಂದು ಕೊಡುವ ಬೆಳಕೇ ಅಷ್ಟು. ಮೂರೂ ಕಡೆಯ ಬಿಳಿ ಗೋಡೆಗಳ ಪ್ರತಿಬಿಂಬ ಅದರ ಮೇಲೆ ಕೂತಾಗ ಕಪ್ಪು ಬೂದಿಯಾಗುತ್ತದೆ, ಹೊಳಪು ಹಾಲಿನ ಪೊರೆಯಾಗುತ್ತದೆ. ಒಂದು ತಿಂಗಳು ಉರುಳಿಸಿ ಕಳೆದ ಮಂಕನ್ನು ಡಬ್ಬ ಒಂದು ಕ್ಷಣದಲ್ಲಿ ಮರಳಿ ಬಳಿಯುತ್ತದೆ.

ಬಳ್ಳಾರಿ, ಸಂಡೂರಿನ ಕಡೆಯ ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲಿನಲ್ಲಿ ಗೆಲುವು ಸೋಲು ಎರಡನ್ನೂ ಒಟ್ಟಿಗೇ ನೋಡಬಹುದು. ಅದರಲ್ಲಿ ಕೆಂಪು ಜಾಸ್ಪರಿನ ಪಟ್ಟೆ, ಉಕ್ಕಿನ ಬಣ್ಣದ ಹೆಮಟೈಟ್ ಪಟ್ಟೆ ಒಂದಾದ ಮೇಲೊಂದು ಬರುತ್ತವೆ. ಹೆಮಟೈಟ್ ಜಾಸ್ಪರಿಗಿಂತ ಮೆದು, ಆದ್ದರಿಂದ ಟಂಬ್ಲರಿನಲ್ಲಿ ಅದು ಬೇಗ ಸವೆದು ಕೂದಲೆಳೆಯಷ್ಟು ತಗ್ಗುತ್ತದೆ. ಬೆರಳಾಡಿಸಿದರೆ ಏರುತಗ್ಗು ತಿಳಿಯುತ್ತದೆ. ಡಬ್ಬದ ಚಿತ್ರದಲ್ಲಿ ಕೆಂಪು ಪಟ್ಟೆ ಇದ್ದ ಹಾಗೇ ಇರುತ್ತದೆ, ಆದರೆ ಲೋಹದಂತೆ ಹೊಳೆಯುವ ಪಟ್ಟೆ ಎದುರಿನ ಕಾಗದವನ್ನು ನುಂಗಿ ಸುಣ್ಣದ ಗೆರೆಯಾಗಿ ಕಾಣುತ್ತದೆ. ನೆರಳಿಲ್ಲದ ಕಾರಣ ಏರುತಗ್ಗಿನ ಸುಳಿವೂ ಇಲ್ಲ. ಕಲ್ಲು ನೋಡದವರು ಈ ಚಿತ್ರ ನೋಡಿ ಅದರಲ್ಲಿ ಕಬ್ಬಿಣವಿದೆ ಎಂದು ಊಹಿಸಲಾರರು.

ಪಾಲಿಶ್ ಮಾಡಿದ ಕಲ್ಲನ್ನೆಲ್ಲ ಹೀಗೆ ಸಮಬೆಳಕಿನಲ್ಲಿ ತೆಗೆಯಬಾರದೇ ಎಂದರೆ, ಹಾಗಲ್ಲ. ಫ್ರೆಂಚ್ ಲೇಖಕ ರೋಜೆ ಕಯ್ವಾ 1970ರಲ್ಲಿ ಕಲ್ಲುಗಳೊಳಗಿನ ಚಿತ್ರಲಿಪಿಯ ಬಗ್ಗೆ ತಂದ ಪುಸ್ತಕದಲ್ಲಿ ಅಗೇಟ್, ಜಾಸ್ಪರ್‌ಗಳ ಬೆರಗುಗೊಳಿಸುವ ಚಿತ್ರಗಳಿವೆ. ಅವು ಸೀಳಿ ಪಾಲಿಶ್ ಮಾಡಿದ ಚಪ್ಪಟೆ ಬಿಲ್ಲೆಗಳು. ಚಪ್ಪಟೆ ಕನ್ನಡಿ ಒಂದು ದಿಕ್ಕನ್ನಷ್ಟೇ ತೋರಿಸುತ್ತದೆ, ಆ ದಿಕ್ಕಿನಲ್ಲಿ ಕತ್ತಲೆಯಿದ್ದರೆ ಪ್ರತಿಬಿಂಬದ ಕಾಟವೇ ಇಲ್ಲ. ಟಂಬ್ಲರಿನಿಂದ ಬಂದ ಕಲ್ಲು ಉರುಟು. ಉಬ್ಬುಗನ್ನಡಿಯ ಹಾಗೆ ಅದು ಎಡ, ಬಲ, ಮೇಲೆ, ಕ್ಯಾಮೆರಾ, ಕ್ಯಾಮೆರಾ ಹಿಡಿದವರ ಮೂಗು ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಲೆನ್ಸಿಗೆ ಪ್ರತಿಬಿಂಬ ತಡೆಯುವ ಪೋಲರೈಸರ್ ಹಾಕಿ ಪಾರಾಗುತ್ತೇವೆ ಎನ್ನುವವರಿಗೂ ಉರುಟುತನ ಅಡ್ಡ ಬರುತ್ತದೆ. ಬೆಣಚಿನ ಮೇಲೆ ಆ ಗಾಜು ಪೂರ್ತಿ ಕೆಲಸ ಮಾಡುವುದು ಬೆಳಕು ಸುಮಾರು 57 ಡಿಗ್ರಿ ಕೋನದಲ್ಲಿ ಬಂದು ಹೊರಳಿದ ಜಾಗದಲ್ಲಿ. ದುಂಡು ಮೈಯಲ್ಲಿ ಅಂಥ ಜಾಗ ಒಂದು ಪಟ್ಟಿಯಷ್ಟೇ.

ಇದಕ್ಕೆ ಮದ್ದು ಅಗ್ಗವೇ ಇದೆ, ಬಳಸುವವರು ಕಡಿಮೆ. ಡಬ್ಬದ ಒಂದು ಪಕ್ಕದ ಕಿಟಕಿಯನ್ನು ಕಪ್ಪು ಚಾರ್ಟಿನಿಂದ ಮುಚ್ಚಿ, ಇನ್ನೊಂದು ಪಕ್ಕದಲ್ಲಿ ಬೆರಳಗಲದ ಸೀಳು ಉಳಿಸಿದರೆ ಕಪ್ಪು ಕಲ್ಲಿನ ಮೇಲೆ ಒಂದೇ ಒಂದು ಚೂಪಾದ ಬಿಳಿ ಗೆರೆ ಓಡುತ್ತದೆ. ಆ ಗೆರೆಯ ಅಂಚು ಕತ್ತರಿಸಿದಂತಿದ್ದರೆ ಪಾಲಿಶ್ ಚೆನ್ನಾಗಿದೆ. ನೂಲು ಬಿಟ್ಟಂತಿದ್ದರೆ ಹಿಂದಿನ ಹಂತದಲ್ಲಿ ಅವಸರವಾಗಿದೆ. ಅಂದರೆ ಚಿತ್ರ ಚೆಂದವಾಗುವುದರ ಜೊತೆಗೆ ಕೆಲಸದ ಗುಣವನ್ನೂ ಹೇಳುತ್ತದೆ. ಸಮಬೆಳಕಿನ ಚಿತ್ರದಲ್ಲಿ ಒಳ್ಳೆಯ ಪಾಲಿಶಿಗೂ ಅರೆಬರೆ ಪಾಲಿಶಿಗೂ ವ್ಯತ್ಯಾಸ ಕಾಣದು. ಆ ಶೈಲಿ ಇಷ್ಟು ಜನಪ್ರಿಯವಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂಬ ಗುಮಾನಿ ನನಗಿದೆ.

ಇನ್ನು ಕೆಲವು ಕಲ್ಲುಗಳಿಗೆ ಡಬ್ಬವೇ ತಕ್ಕದ್ದಲ್ಲ. ಟೈಗರ್ ಐ ಕಲ್ಲಿನೊಳಗೆ ಎಳೆಗಳು ಒಂದೇ ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ. ಒಂದೇ ಕಡೆಯಿಂದ ದೀಪ ಬಿದ್ದಾಗ ಆ ಎಳೆಗಳಿಗೆ ಅಡ್ಡವಾಗಿ ಹೊನ್ನಿನ ಪಟ್ಟಿಯೊಂದು ಎದ್ದು, ಕಲ್ಲು ಹೊರಳಿಸಿದಂತೆ ಜರುಗುತ್ತದೆ. ನಾಲ್ಕು ದಿಕ್ಕಿನಿಂದ ಬೆಳಕು ಸುರಿದರೆ ಪಟ್ಟಿ ಕರಗಿ ಬರೀ ಕಂದು ಉಳಿಯುತ್ತದೆ. ಲ್ಯಾಬ್ರಡೊರೈಟಿನ ನೀಲಿ ಮಿಂಚಿನ ಪಾಡೂ ಅದೇ. ಬೆಳಕು ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರಷ್ಟೇ ಅದು ಏಳುತ್ತದೆ. ಅಗೇಟಿನ ಕಷ್ಟ ಬೇರೆ ಬಗೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಹರಿದ ಲಾವಾದ ಗಾಳಿಗುಳ್ಳೆಗಳೊಳಗೆ ಸಿಲಿಕಾ ಪದರಪದರವಾಗಿ ಕೂತು ಅಗೇಟ್ ಆಯಿತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಕಪ್ಪುಬಂಡೆ ಆ ಲಾವಾದ್ದೇ. ಕೃಷ್ಣೆ, ಭೀಮೆಯರ ಮಡಿಲಲ್ಲಿ ಅಗೇಟ್ ಸಿಗುವುದೂ ಅದರಿಂದಲೇ. ಆ ಪದರಗಳು ಅರೆಪಾರದರ್ಶಕ. ಮುಂದಿನಿಂದ ಬೆಳಕು ಬಿಟ್ಟರೆ ಮೇಲಿನದೊಂದೇ ಪದರ ಕಾಣುತ್ತದೆ. ತಳದ ಕಾಗದಕ್ಕೆ ಕಲ್ಲಿಗಿಂತ ಸಣ್ಣ ತೂತು ಮಾಡಿ ಕೆಳಗಿನಿಂದ ಟಾರ್ಚ್ ಹಿಡಿದರೆ ಒಳಗಿನ ಬಳೆಗಳೆಲ್ಲ ಒಂದರ ಹಿಂದೊಂದು ಹೊತ್ತಿಕೊಳ್ಳುತ್ತವೆ.

ಹೊಳಪಿಗೆ ಒಂದೇ ದಿಕ್ಕಿನ ಬೆಳಕು ಬೇಕು ಎನ್ನುವುದನ್ನು ನಮ್ಮ ನಾಡಿನಲ್ಲಿ ಕ್ಯಾಮೆರಾ ಬರುವ ಮೊದಲೇ ನೋಡಬಹುದಿತ್ತು. ಬೇಲೂರು, ಹಳೇಬೀಡುಗಳ ತಿರುಗಣೆ ಕಂಬಗಳು ಬಳಪದ ಕಲ್ಲಿನವು. ನವರಂಗದ ಮಬ್ಬಿನಲ್ಲಿ ಬಾಗಿಲಿನಿಂದ ಓರೆಯಾಗಿ ಬಂದ ಬೆಳಕು ಅವುಗಳ ಬಳೆಬಳೆಯ ಅಂಚಿನಲ್ಲೂ ಒಂದೊಂದು ಗೆರೆ ಎಳೆಯುವುದರಿಂದಲೇ ಕಂಬ ದುಂಡಗೆ ಕಾಣುತ್ತದೆ. ಅಲ್ಲಿಗೆ ಫ್ಲಡ್‌ಲೈಟ್ ತಂದು ನಾಲ್ಕು ಕಡೆಯಿಂದ ಬಿಟ್ಟರೆ ಕಂಬದ ದುಂಡುತನ ಹೋಗುತ್ತದೆ. ಗರ್ಭಗುಡಿಯ ಕಪ್ಪು ಮೂರ್ತಿಯ ಮುಂದೆ ಆರತಿ ಆಡುವಾಗಲೂ ಅಷ್ಟೇ: ಜರುಗುವ ಒಂದು ಸಣ್ಣ ಜ್ವಾಲೆ ಕೆನ್ನೆ, ಮೂಗು, ಕಿರೀಟಗಳನ್ನು ಸರದಿಯ ಮೇಲೆ ತೋರಿಸುತ್ತದೆ.

ಸಮಬೆಳಕಿನಲ್ಲಿ ಹೋದ ಹೊಳಪನ್ನು ಬೇರೆ ದಾರಿಯಿಂದ ತರುವ ಚಾಳಿಯೂ ಇದೆ. ಕಲ್ಲಿಗೆ ನೀರೋ ಎಣ್ಣೆಯೋ ಸವರಿ ಫೋಟೋ ತೆಗೆಯುವುದು. ನೀರು ಸಣ್ಣ ಗುಂಡಿಗಳನ್ನು ತುಂಬಿ ಮೈಯನ್ನು ತಾತ್ಕಾಲಿಕವಾಗಿ ನಯ ಮಾಡುವುದರಿಂದ ಉಜ್ಜದ ಕಲ್ಲೂ ಉಜ್ಜಿದಂತೆ ಕಾಣುತ್ತದೆ. ಹೊಳೆದಂಡೆಯಲ್ಲಿ ಕಲ್ಲು ಆರಿಸುವಾಗ ಇದು ಒಳ್ಳೆಯ ಉಪಾಯ, ಪಾಲಿಶ್ ಆದ ಮೇಲೆ ಹೇಗಿದ್ದೀತು ಎಂಬ ಮುನ್ಸೂಚನೆ ಸಿಗುತ್ತದೆ. ಪಾಲಿಶ್ ಆದ ಕಲ್ಲು ಎಂದು ಹೆಸರಿಟ್ಟು ತೋರಿಸುವ ಚಿತ್ರದಲ್ಲಿ ಮಾಡಿದರೆ ಮಾತ್ರ ಅದು ಮೋಸ. ಮೊಬೈಲು ತಾನಾಗಿಯೇ ಕೆಂಪನ್ನು ಗಾಢ ಮಾಡಿ, ಅಂಚನ್ನು ಚೂಪು ಮಾಡುವುದನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

ಬಿಳಿ ಹಿನ್ನೆಲೆಯ ಬಗ್ಗೆ ಕೊನೆಯ ದೂರು ಬೆಳಕಿಗೆ ಸಂಬಂಧಿಸಿದ್ದಲ್ಲ. ಈ ಚಿತ್ರಗಳು ಆಧಾರ್ ಕಾರ್ಡಿನ ಫೋಟೋದಂತೆ ಮುಖವನ್ನಷ್ಟೇ ಕೊಡುತ್ತವೆ, ಅದೂ ವಿಳಾಸವಿಲ್ಲದ ಕಾರ್ಡು. ಕಲ್ಲು ಗೋಲಿಯಷ್ಟಿದೆಯೋ ತೆಂಗಿನಕಾಯಿಯಷ್ಟಿದೆಯೋ ತಿಳಿಯುವುದಿಲ್ಲ; ಎಲ್ಲಿಯದೆಂದು ಗೊತ್ತಾಗುವುದಿಲ್ಲ. ಭೂವಿಜ್ಞಾನಿ ಬಂಡೆಯ ಫೋಟೋ ತೆಗೆಯುವಾಗ ಪಕ್ಕದಲ್ಲಿ ಸುತ್ತಿಗೆಯನ್ನೋ ನಾಣ್ಯವನ್ನೋ ಇಡುವುದು ಶೋಕಿಗಲ್ಲ. ನಮ್ಮ ಮನೆಗಳ ಪಂಚಾಯತನ ಪೂಜೆಯ ಪೆಟ್ಟಿಗೆಯೂ ಒಂದು ಕಲ್ಲಿನ ಸಂಗ್ರಹವೇ: ಗಂಡಕಿಯ ಸಾಲಿಗ್ರಾಮ, ನರ್ಮದೆಯ ಬಾಣಲಿಂಗ, ಶೋಣಾನದಿಯ ಕೆಂಪುಕಲ್ಲು, ಸ್ವರ್ಣಮುಖಿಯ ಶಿಲೆ, ವಲ್ಲಂನ ಸ್ಫಟಿಕ. ಅಲ್ಲಿ ಕಲ್ಲಿನ ಬೆಲೆ ಅದರ ಊರಿನೊಂದಿಗೆ ಬಂದದ್ದು. ಊರು ಅಳಿಸಿದರೆ ಬಾಣಲಿಂಗವೂ ಒಂದು ನುಣುಗಲ್ಲು. ಹವ್ಯಾಸಿಯ ಚಿತ್ರದ ಮೂಲೆಯಲ್ಲೊಂದು ಸೆಂಟಿಮೀಟರ್ ಪಟ್ಟಿ, ಅಡಿಯಲ್ಲಿ ಸಿಕ್ಕ ಜಾಗದ ಹೆಸರು ಬರೆದರೆ ಚೆಂದಕ್ಕೇನೂ ಕುಂದಾಗದು.

ಹಾಗಾದರೆ ಡಬ್ಬ ಬಿಸಾಡಬೇಕೇ? ಬೇಡ. ಅದನ್ನು ಬಣ್ಣ ದಾಖಲಿಸುವ ಉಪಕರಣವೆಂದು ಬಳಸಿದರೆ ಅದಕ್ಕೆ ಸಾಟಿಯಿಲ್ಲ, ಕಲ್ಲಿನ ಛಾಯಾಚಿತ್ರಣ ಎಂದರೆ ಅದೇ ಎಂದುಕೊಂಡರೆ ಅದು ದಾರಿ ತಪ್ಪಿಸುತ್ತದೆ. ಪ್ರತಿ ಕಲ್ಲಿಗೂ ಎರಡು ಚಿತ್ರ ಸಲ್ಲಬೇಕು. ಮೊದಲನೆಯದು ಡಬ್ಬದೊಳಗೆ, ಅಳತೆಪಟ್ಟಿಯ ಸಮೇತ. ಎರಡನೆಯದು ಆ ಕಲ್ಲಿನ ಸ್ವಭಾವ ಬೇಡಿದ ಬೆಳಕಿನಲ್ಲಿ: ಕಪ್ಪಿಗೆ ಒಂದು ಸೀಳು, ಅಗೇಟಿಗೆ ಹಿಂದಿನಿಂದ, ಟೈಗರ್ ಐಗೆ ಒಂದೇ ಬಲ್ಬು. ಚಿತ್ರ ಗೆದ್ದಿದೆಯೇ ಎಂದು ತಿಳಿಯಲು ಕಟ್ಟುನಿಟ್ಟಿನ ಪರೀಕ್ಷೆಯೊಂದಿದೆ. ಕಲ್ಲನ್ನು ಕಂಡೇ ಇರದ ಒಬ್ಬರ ಕೈಗೆ ಫೋಟೋ ಕೊಟ್ಟು, ಅದೇ ಜಾತಿಯ ಕಲ್ಲುಗಳ ತಟ್ಟೆಯಿಂದ ಅದನ್ನು ಹೆಕ್ಕಲು ಹೇಳಬೇಕು. ಡಬ್ಬದ ಚಿತ್ರ ಹಿಡಿದವರು ಜಾಸ್ಪರನ್ನು ಥಟ್ಟನೆ ಹೆಕ್ಕಿಯಾರು. ಕಪ್ಪು ಕಲ್ಲುಗಳ ತಟ್ಟೆ ಎದುರಾದಾಗ ಅವರ ಕೈ ತಡವರಿಸಿದರೆ ತಪ್ಪು ಅವರದಲ್ಲ, ಫೋಟೋ ತೆಗೆದವರದು.