ಕರುಳಿನ ಉರಿಯೂತಕ್ಕೆ ಮಾತ್ರೆ: ದೀರ್ಘಕಾಲದ ಲೆಕ್ಕದಲ್ಲಿ ಬಿಟ್ಟುಹೋದವರು

ವಾರಗಟ್ಟಲೆ ನಿಲ್ಲದ ಭೇದಿ, ಮಲದಲ್ಲಿ ರಕ್ತ ಮತ್ತು ಲೋಳೆ, ಹೊಟ್ಟೆನೋವು, ತೂಕದ ಇಳಿತ. ತಿಕೋಟಾದಲ್ಲಾಗಲಿ ಬಬಲೇಶ್ವರದಲ್ಲಾಗಲಿ ಇಂಥ ಲಕ್ಷಣ ಕಂಡರೆ ಮೊದಲು ನೆನಪಾಗುವುದು ಆಮಶಂಕೆ. ಬಹುಪಾಲು ಸಂದರ್ಭಗಳಲ್ಲಿ ಆ ಊಹೆ ಸರಿಯೂ ಆಗಿರುತ್ತದೆ. ಆದರೆ ಔಷಧಿಗೆ ಬಗ್ಗದೆ ಮತ್ತೆ ಮತ್ತೆ ಮರುಕಳಿಸುವ ಭೇದಿಯ ಹಿಂದೆ ಇನ್ನೊಂದು ಬೇನೆ ಇರಬಹುದು. ಅದೇ ಕರುಳಿನ ಉರಿಯೂತ. ಇದರಲ್ಲಿ ಎರಡು ಮುಖ್ಯ ಬಗೆಗಳು: ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತವಾದ ಅಲ್ಸರೇಟಿವ್ ಕೊಲೈಟಿಸ್ ಹಾಗೂ ಜೀರ್ಣನಾಳದ ಯಾವ ಭಾಗದಲ್ಲಿ ಬೇಕಾದರೂ ಕಾಣಿಸಿಕೊಳ್ಳುವ ಕ್ರೋನ್ಸ್ ಕಾಯಿಲೆ. ಇವು ಪಾಶ್ಚಾತ್ಯರ ರೋಗಗಳೆಂಬ ಭಾವನೆ ಬಹುಕಾಲ ಇತ್ತು. ಪಂಜಾಬಿನಲ್ಲಿ ನಡೆದ ಸಮೀಕ್ಷೆಯೊಂದು 2003ರಲ್ಲಿ ಪ್ರಕಟವಾದಾಗ, ಅಲ್ಲಿ ಪ್ರತಿ ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದು ತಿಳಿಯಿತು.

ಈ ಬೇನೆಯನ್ನು ಹತೋಟಿಯಲ್ಲಿಡಬಹುದು. ಬೇರುಸಹಿತ ಕೀಳುವ ಮಾತ್ರೆ ಇನ್ನೂ ಬಂದಿಲ್ಲ. ಆದ್ದರಿಂದ ಔಷಧಿಯೊಂದು ಎಂಟು ವಾರಗಳಲ್ಲಿ ಏನು ಮಾಡಿತು ಎಂಬುದಷ್ಟೇ ರೋಗಿಗೆ ಸಾಲದು. ಐದು ವರ್ಷ ನುಂಗಿದರೆ ಏನಾಗುತ್ತದೆ, ನಡುವೆ ಬಿಟ್ಟರೆ ಏನಾಗುತ್ತದೆ ಎಂಬುದೂ ತಿಳಿಯಬೇಕು. ದೀರ್ಘಕಾಲೀನ ಸಂಶೋಧನೆಗಳು ಈ ಪ್ರಶ್ನೆಗಳಿಗೆ ಎಷ್ಟರಮಟ್ಟಿಗೆ ಉತ್ತರಿಸಿವೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಹಳೆಯ ಪ್ರಯೋಗಗಳ ನೇರ ಪ್ರಶ್ನೆ

1955ರಲ್ಲಿ ಬ್ರಿಟನ್ನಿನ ಟ್ರೂಲವ್ ಮತ್ತು ವಿಟ್ಸ್ 210 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಅಂತಿಮ ವರದಿ ಬಂದಿತು. ಆರು ವಾರಗಳಲ್ಲಿ ಕಾರ್ಟಿಸೋನ್ ಪಡೆದವರಲ್ಲಿ ಶೇ. 41ರಷ್ಟು, ಪ್ಲಾಸಿಬೊ ಅಂದರೆ ಔಷಧವಿಲ್ಲದ ತೋರಿಕೆಯ ಮಾತ್ರೆ ಪಡೆದವರಲ್ಲಿ ಶೇ. 16ರಷ್ಟು ಜನರಿಗೆ ಉಪಶಮನ ದೊರೆತಿತ್ತು. ಆದರೆ ರೋಗ ಮರುಕಳಿಸದಂತೆ ಕಾಯಲು ಸ್ಟೀರಾಯ್ಡ್ ಪ್ರಯೋಜನಕ್ಕೆ ಬಾರದೆಂದು 1965ರ ಮತ್ತೊಂದು ಪ್ರಯೋಗ ತೋರಿಸಿತು. ತಕ್ಷಣದ ಗೆಲುವೇ ಬೇರೆ, ಬಹುಕಾಲದ ಕಾವಲೇ ಬೇರೆ ಎಂಬ ಪಾಠ ಅಂದೇ ದೊರೆತಿತ್ತು.

ಕಾವಲಿಗೆ ಒದಗಿದ್ದು ಸ್ವೀಡನ್ನಿನ ನಾನ್ನಾ ಸ್ವಾರ್ಟ್ಜ್ ಬಳಕೆಗೆ ತಂದ ಸಲ್ಫಾಸಲಜೀನ್. 1973ರಲ್ಲಿ ಡಿಸನಾಯಕೆ ಮತ್ತು ಟ್ರೂಲವ್ ಒಂದು ಸರಳ ಉಪಾಯ ಮಾಡಿದರು. ಈ ಮಾತ್ರೆಯನ್ನು ಕನಿಷ್ಠ ಒಂದು ವರ್ಷ ನುಂಗಿ ಆರೋಗ್ಯವಾಗಿದ್ದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅದೇ ಮಾತ್ರೆಯನ್ನು, ಇನ್ನೊಂದಕ್ಕೆ ಪ್ಲಾಸಿಬೊವನ್ನು ಆರು ತಿಂಗಳು ಕೊಟ್ಟರು. ಪ್ಲಾಸಿಬೊ ಗುಂಪಿನಲ್ಲಿ ಮರುಕಳಿಕೆ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. "ಈಗ ಆರಾಮಿದ್ದೇನೆ, ಮಾತ್ರೆ ಬಿಡಲೇ?" ಎಂದು ಕೇಳುವ ರೋಗಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಹಾಗೆಂದು ಹಳೆಯದೆಲ್ಲ ನಿರ್ದೋಷವೆಂದಲ್ಲ. ಸಲ್ಫಾಸಲಜೀನ್ ಪುರುಷರಲ್ಲಿ ವೀರ್ಯಾಣುಗಳ ಸಂಖ್ಯೆಯನ್ನು ಕುಗ್ಗಿಸುತ್ತದೆಂಬುದು ಬೆಳಕಿಗೆ ಬಂದದ್ದು 1979ರಲ್ಲಿ, ಔಷಧಿ ಬಳಕೆಗೆ ಬಂದು ಹಲವು ದಶಕಗಳ ನಂತರ. ಮಾತ್ರೆ ನಿಲ್ಲಿಸಿದರೆ ಈ ದೋಷ ಸರಿಹೋಗುತ್ತದೆ. ಆದರೆ ಕೇಳದ ಪ್ರಶ್ನೆಗೆ ಎಷ್ಟು ವರ್ಷಗಳ ಅನುಭವವೂ ಉತ್ತರ ಕೊಡುವುದಿಲ್ಲ.

ಹೊಸ ಪ್ರಯೋಗಗಳ ಛೇದ

ಈಗ ಹೊಸ ತಲೆಮಾರಿನ ಮಾತ್ರೆಗೆ ಬರೋಣ. ಟೋಫಾಸಿಟಿನಿಬ್ ಕುರಿತ 'ಆಕ್ಟೇವ್' ಪ್ರಯೋಗಗಳು 2017ರಲ್ಲಿ ಪ್ರಕಟವಾದವು. ಒಂದು ವರ್ಷದ ಕೊನೆಗೆ 10 ಮಿ.ಗ್ರಾಂ ಮಾತ್ರೆಯನ್ನು ದಿನಕ್ಕೆರಡು ಬಾರಿ ತೆಗೆದುಕೊಂಡವರಲ್ಲಿ ಶೇ. 40.6, ಪ್ಲಾಸಿಬೊ ಪಡೆದವರಲ್ಲಿ ಶೇ. 11.1 ಮಂದಿ ಉಪಶಮನದಲ್ಲಿದ್ದರು. ಔಷಧಿ ಕೆಲಸ ಮಾಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಓದುಗರು ಗಮನಿಸಬೇಕಾದದ್ದು ಭಿನ್ನರಾಶಿಯ ಕೆಳಗಿನ ಅಂಕಿ, ಅಂದರೆ ಛೇದ. ಒಂದು ವರ್ಷದ ಈ ಹಂತಕ್ಕೆ ಸೇರಿಸಿಕೊಂಡದ್ದು ಮೊದಲ ಎಂಟು ವಾರಗಳಲ್ಲಿ ಚಿಕಿತ್ಸೆಗೆ ಸ್ಪಂದಿಸಿದ 593 ಮಂದಿಯನ್ನು ಮಾತ್ರ. ಮೊದಲ ಹಂತದ ಎರಡು ಪ್ರಯೋಗಗಳಲ್ಲಿ ಔಷಧಿ ಪಡೆದ ನೂರರಲ್ಲಿ ಸ್ಪಂದಿಸಿದವರು 55ರಿಂದ 60. ಅವರಲ್ಲಿ ಶೇ. 40.6 ಎಂದರೆ ಮಾತ್ರೆ ಆರಂಭಿಸಿದ ನೂರು ಜನರಲ್ಲಿ ಸುಮಾರು 22ರಿಂದ 24 ಮಂದಿ. ಮೊದಲು ಸ್ಪಂದಿಸದವರಿಗೆ ಇನ್ನೂ ಎಂಟು ವಾರ ಔಷಧಿ ಕೊಟ್ಟಾಗ ಅರ್ಧದಷ್ಟು ಜನ ಸ್ಪಂದಿಸಿದ್ದುಂಟು. ಆದ್ದರಿಂದ ನಮ್ಮ ಲೆಕ್ಕ ತುಸು ಕಟ್ಟುನಿಟ್ಟಿನದು. ಆದರೂ 40 ಮತ್ತು 24ರ ನಡುವಿನ ಅಂತರ ಮಾತ್ರೆ ಆರಂಭಿಸಲಿರುವ ರೋಗಿಗೆ ತಿಳಿದಿರಬೇಕಾದದ್ದೇ.

ಇದರ ನಂತರದ 'ಆಕ್ಟೇವ್ ಓಪನ್' 944 ರೋಗಿಗಳನ್ನು ಗರಿಷ್ಠ ಏಳು ವರ್ಷಗಳವರೆಗೆ ಅನುಸರಿಸಿತು. ಇಲ್ಲಿ ಪ್ಲಾಸಿಬೊ ಗುಂಪಿಲ್ಲ; ಎಲ್ಲರಿಗೂ ಔಷಧಿ, ಎಲ್ಲರಿಗೂ ಅದರ ಅರಿವು. ರೋಗಿಗಳನ್ನು ವರ್ಷಗಟ್ಟಲೆ ಪ್ಲಾಸಿಬೊದಲ್ಲಿ ಇಡುವುದು ನ್ಯಾಯವಲ್ಲವಾದ್ದರಿಂದ ಈ ವಿಧಾನಕ್ಕೆ ಕಾರಣವಿದೆ. ತೊಡಕಿರುವುದು ಲೆಕ್ಕದಲ್ಲಿ. ಉದಾಹರಣೆಗೆ, ಒಂದು ಅಧ್ಯಯನವನ್ನು ನೂರು ಜನ ಆರಂಭಿಸಿ ಕೊನೆಗೆ 40 ಜನ ಉಳಿದರು, ಅವರಲ್ಲಿ 32 ಮಂದಿ ಆರೋಗ್ಯವಾಗಿದ್ದಾರೆ ಎಂದಿಟ್ಟುಕೊಳ್ಳಿ. ಉಳಿದವರನ್ನಷ್ಟೇ ಎಣಿಸಿದರೆ ಯಶಸ್ಸು ಶೇ. 80, ಆರಂಭಿಸಿದವರನ್ನು ಎಣಿಸಿದರೆ ಶೇ. 32. ಗುಣ ಕಾಣದವರು, ತೊಂದರೆಯಾದವರು ಬಿಟ್ಟುಹೋಗುವುದು ಸಹಜ. ಹೀಗಾಗಿ ವರ್ಷ ಕಳೆದಂತೆ ಮೊದಲನೆಯ ಲೆಕ್ಕ ತಾನಾಗಿಯೇ ಚೆಲುವಾಗುತ್ತ ಹೋಗುತ್ತದೆ. ಎರಡೂ ಲೆಕ್ಕಗಳನ್ನು ಜೊತೆಯಾಗಿ ಕೊಡುವ ವರದಿಯನ್ನು ಮಾತ್ರ ಪೂರ್ಣವೆನ್ನಬಹುದು.

ಅಡ್ಡಪರಿಣಾಮಗಳ ವಿಷಯದಲ್ಲಿ ದೀರ್ಘಕಾಲದ ಅನುಸರಣೆಗೆ ಸಾಟಿಯಿಲ್ಲ. ಇದೇ ಮಾತ್ರೆಯಿಂದ ಸರ್ಪಸುತ್ತು ಹೆಚ್ಚುವುದು ಹೀಗೆಯೇ ಖಚಿತವಾಯಿತು. ಹೃದಯ, ರಕ್ತ ಹೆಪ್ಪುಗಟ್ಟುವಿಕೆ ಮತ್ತು ಕ್ಯಾನ್ಸರಿಗೆ ಸಂಬಂಧಿಸಿದ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಬಿಗಿಗೊಳಿಸಿತು. ಅದಕ್ಕೆ ಆಧಾರವಾದದ್ದು ಸಂಧಿವಾತದ ರೋಗಿಗಳ ಮೇಲಿನ ಪ್ರಯೋಗ. ಆ ರೋಗಿಗಳೆಲ್ಲ 50 ದಾಟಿದವರು, ಹೃದ್ರೋಗದ ಅಪಾಯವುಳ್ಳವರು. ತರುಣ ವಯಸ್ಸಿನ ಕೊಲೈಟಿಸ್ ರೋಗಿಗೆ ಅದು ಎಷ್ಟು ಅನ್ವಯಿಸುತ್ತದೆಂಬುದನ್ನು ಪ್ರತ್ಯೇಕವಾಗಿ ತೂಗಬೇಕು.

ನಮ್ಮ ನೆಲದ ಪ್ರಶ್ನೆಗಳು

ಭಾರತದಲ್ಲಿಯೂ ಒಳ್ಳೆಯ ಪ್ರಯೋಗಗಳು ನಡೆದಿವೆ. ಲೂಧಿಯಾನದ ತಜ್ಞರು ಅಜಥಯೋಪ್ರಿನ್ ಮಾತ್ರೆಯ ಒಂದು ವರ್ಷದ ಪ್ರಯೋಗವನ್ನು 2000ದಲ್ಲಿ ಪ್ರಕಟಿಸಿದರು. 2009ರಲ್ಲಿ 147 ರೋಗಿಗಳ ಮೇಲೆ ಉಪಯುಕ್ತ ಬ್ಯಾಕ್ಟೀರಿಯಾಗಳ ಮಿಶ್ರಣದ ಪ್ರಯೋಗ ಬಂದಿತು. ಅದರ ಅವಧಿ 12 ವಾರ. ಅರಿಸಿನದ ಕರ್ಕ್ಯುಮಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಪ್ರಯೋಜನವಿಲ್ಲವೆಂದು 2017ರಲ್ಲಿ ದೆಹಲಿಯ ಏಮ್ಸ್ ತಂಡ ಪ್ರಾಮಾಣಿಕವಾಗಿ ವರದಿ ಮಾಡಿತು. ಅದು 8 ವಾರಗಳದು. ದಶಕಗಟ್ಟಲೆ ಕಾಡುವ ರೋಗಕ್ಕೆ ವಾರಗಳ ಅಳತೆಗೋಲು ಚಿಕ್ಕದಾಯಿತು.

ಹೊರಗಿನ ಫಲಿತಾಂಶಗಳನ್ನು ಹಾಗೆಯೇ ಎರವಲು ಪಡೆಯುವಂತೆಯೂ ಇಲ್ಲ. ಅಜಥಯೋಪ್ರಿನ್‌ನಿಂದ ಬಿಳಿ ರಕ್ತಕಣಗಳು ಅಪಾಯಕರವಾಗಿ ಕುಸಿಯಲು ಕಾರಣವಾಗುವ ಎನ್‌ಯುಡಿಟಿ15 ಜೀನಿನ ರೂಪಾಂತರವನ್ನು ಕೊರಿಯಾದ ಸಂಶೋಧಕರು 2014ರಲ್ಲಿ ಗುರುತಿಸಿದರು. ಅದು ಯುರೋಪಿನವರಿಗಿಂತ ಏಷ್ಯಾದವರಲ್ಲಿ ಹೆಚ್ಚು. ಇನ್ನು ಕ್ಷಯ. ಕರುಳಿನ ಕ್ಷಯವನ್ನೂ ಕ್ರೋನ್ಸ್ ಕಾಯಿಲೆಯನ್ನೂ ಬೇರ್ಪಡಿಸುವುದೇ ನಮ್ಮಲ್ಲಿ ಕಷ್ಟ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗೆ ಮುನ್ನ ಸುಪ್ತ ಕ್ಷಯದ ತಪಾಸಣೆ ಆಗಲೇಬೇಕು.

ವಿಜಯಪುರ ನಗರದಲ್ಲಿ 1986ರಿಂದ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಇದೆ, ಜಿಲ್ಲಾ ಆಸ್ಪತ್ರೆಯೂ ಇದೆ. ಆದರೆ ಬಬಲೇಶ್ವರದ ರೋಗಿಯೊಬ್ಬ ಒಮ್ಮೆ ವಿಜಯಪುರಕ್ಕೆ, ಒಮ್ಮೆ ಸೊಲ್ಲಾಪುರಕ್ಕೆ, ಇನ್ನೊಮ್ಮೆ ಮಿರಜಕ್ಕೆ ಹೋದರೆ ಆತನ ಚೀಟಿಗಳು ಮೂರು ಊರುಗಳಲ್ಲಿ ಹಂಚಿಹೋಗುತ್ತವೆ. ದುಡಿಯಲು ಗೋವಾಕ್ಕೆ ಗುಳೆ ಹೋದವನು ತಿಂಗಳ ತಪಾಸಣೆಗೆ ಬರಲಾರ. ಪ್ರಯೋಗದ ಭಾಷೆಯಲ್ಲಿ ಆತ 'ಅನುಸರಣೆಯಿಂದ ಕಳೆದುಹೋದವನು'. ಅವನ ಮನೆಯಲ್ಲಿ ಆತ ರಕ್ತಭೇದಿಯಿಂದ ಬಳಲುತ್ತಿರುವ ದುಡಿಯುವ ಮಗ. ಅಂಥವರನ್ನು ಹುಡುಕಿ ಲೆಕ್ಕಕ್ಕೆ ಸೇರಿಸುವ ರೋಗಿ ನೋಂದಣಿಗೆ ಖರ್ಚು ಹೆಚ್ಚಿಲ್ಲ. ಹೆಸರು, ಔಷಧಿ, ಮರುಕಳಿಸಿದ ದಿನಾಂಕ, ಬಿಟ್ಟ ಕಾರಣ, ವರ್ಷಕ್ಕೆರಡು ದೂರವಾಣಿ ಕರೆ; ಆರಂಭಕ್ಕೆ ಇಷ್ಟು ಸಾಕು.

ಮುಂದಿನ ಬಾರಿ 'ಏಳು ವರ್ಷಗಳ ಯಶಸ್ಸು' ಎಂಬ ಸುದ್ದಿ ಓದಿದಾಗ ನೀವೇ ನಾಲ್ಕು ಪ್ರಶ್ನೆ ಕೇಳಿನೋಡಿ: ಆರಂಭಿಸಿದವರೆಷ್ಟು? ಉಳಿದವರೆಷ್ಟು? ಬಿಟ್ಟವರು ಏಕೆ ಬಿಟ್ಟರು? ಹೋಲಿಕೆಯ ಗುಂಪು ಇತ್ತೇ? ಮನೆಯಲ್ಲಿ ಈಗಾಗಲೇ ಇಂಥ ರೋಗಿ ಇದ್ದರೆ, ಆರಾಮಾಯಿತೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದೆಂಬ 1973ರ ಪಾಠವನ್ನು ಅವರಿಗೆ ತಿಳಿಸಿ. ನಿಲ್ಲಿಸಬೇಕೇ, ಬದಲಿಸಬೇಕೇ ಎಂಬುದನ್ನು ವೈದ್ಯರೊಡನೆ ಕುಳಿತು ತೀರ್ಮಾನಿಸಲಿ.